ವಿದ್ಯುತ್ ನಿಲುಗಡೆಯೂ ವೃದ್ಧ ಗಣಕಯಂತ್ರವೂ: ದೋಷನಿರ್ಣಯ ವಿಚಾರ

ವಿದ್ಯುತ್ತು ಹೋಯಿತು, ಅರ್ಧ ಗಂಟೆಯ ಮೇಲೆ ಬಂದಿತು. ದೀಪಗಳು ಹೊತ್ತಿದವು, ಬೀಸಣಿಗೆ ತಿರುಗಿತು. ಗಣಕಯಂತ್ರ ಮಾತ್ರ ಏಳಲಿಲ್ಲ. ಇಲ್ಲವೆ ಎದ್ದಂತೆ ಮಾಡಿ, ನೀಲಿಯ ಪರದೆಯ ಮೇಲೆ ಕೆಲವು ಸಾಲು ಬಿಳಿಯ ಅಕ್ಷರಗಳನ್ನು ತೋರಿ ಮತ್ತೆ ಮಲಗಿತು. ಹತ್ತು ಹದಿನೈದು ವರ್ಷ ಬಳಸಿದ ಯಂತ್ರವಿರುವ ಮನೆಗಳಲ್ಲಿ ಈ ಅನುಭವ ಅಪರೂಪವಲ್ಲ. ಆಗ ಮನೆಯವರು ಮಾಡುವುದೇನು? ಪೆಟ್ಟಿಗೆಯನ್ನು ಹೊತ್ತುಕೊಂಡು ಪೇಟೆಯ ರಿಪೇರಿ ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಎಷ್ಟೋ ಸಲ ದೊರೆಯುವ ಉತ್ತರ ಒಂದೇ: “ಫಾರ್ಮ್ಯಾಟ್ ಮಾಡಬೇಕು.” ಸಂಜೆಯ ಹೊತ್ತಿಗೆ ಯಂತ್ರ ಹೊಸದರಂತೆ ನಡೆಯುತ್ತದೆ, ಅದರೊಳಗಿದ್ದ ಬರಹ ಮಾತ್ರ ಇರುವುದಿಲ್ಲ.

ಈ ನಷ್ಟವನ್ನು ಹಗುರವಾಗಿ ಎಣಿಸಲಾಗದು. ನಮ್ಮ ನಾಡಿನಲ್ಲಿ ಶಾಸನಗಳನ್ನು ಓದುವವರು, ತಾಳೆಗರಿಯ ಪ್ರತಿಗಳಿಂದ ಪಾಠವನ್ನು ಇಳಿಸಿಕೊಳ್ಳುವವರು, ತಮ್ಮ ಸೀಮೆಯ ಆಡುಮಾತನ್ನು ಕೂಡಿಸಿ ಪದಕೋಶ ಮಾಡುವ ನಿವೃತ್ತ ಉಪಾಧ್ಯಾಯರು, ವರ್ಷಗಟ್ಟಲೆಯ ದುಡಿಮೆಯನ್ನು ಇಂಥ ಒಂದು ಹಳೆಯ ಪೆಟ್ಟಿಗೆಯಲ್ಲಿ ಬೆರಳಚ್ಚಿಸಿ ಇಟ್ಟಿರುತ್ತಾರೆ. ಪ್ರತಿ ಅದೊಂದೇ. ತಾಳೆಗರಿಗೆ ಹುಳು ಹತ್ತಿದರೆ ತೂತು ಬಿದ್ದಷ್ಟು ಅಕ್ಷರ ಹೋಗುತ್ತದೆ. ಫಾರ್ಮ್ಯಾಟ್ ಆದಾಗ ಗ್ರಂಥಕ್ಕೆ ಗ್ರಂಥವೇ ಹೋಗುತ್ತದೆ. ಮರಳಿ ತೆಗೆಯಬಲ್ಲ ತಜ್ಞರಿಲ್ಲವೆಂದಲ್ಲ. ಆದರೆ ಆ ಕೆಲಸ ದುಬಾರಿಯಾದುದು, ಫಲವೂ ಅನಿಶ್ಚಿತ. ಆದಕಾರಣ ಇಂಥ ಸಂದರ್ಭದಲ್ಲಿ ದೋಷವನ್ನು ಹುಡುಕುವ ಕ್ರಮವೊಂದನ್ನು ಇಲ್ಲಿ ವಿಚಾರ ಮಾಡೋಣ. ೨೦೧೦ರ ಆಸುಪಾಸಿನಲ್ಲಿ ಜೋಡಿಸಿದ, ವಿಂಡೋಸ್ ೭ ನಡೆಯುವ, ತಿರುಗುವ ಹಾರ್ಡ್ ಡಿಸ್ಕಿನ ಮೇಜುಗಣಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ತರ್ಕವನ್ನು ಓದಿದವರಿಗೆ ಕಾಕತಾಳೀಯವೆಂಬ ಮಾತು ಪರಿಚಿತ. ಕಾಗೆ ಬಂದು ತಾಳೆಯ ಮರದ ಮೇಲೆ ಕುಳಿತುದಕ್ಕೂ ಹಣ್ಣು ಉದುರಿದುದಕ್ಕೂ ಕಾಲದ ನಂಟಿದೆಯೇ ಹೊರತು ಕಾರ್ಯಕಾರಣದ ನಂಟಿಲ್ಲ. ವಿದ್ಯುತ್ತು ಹೋದ ಮೇಲೆ ಯಂತ್ರ ಕೆಟ್ಟಿತೆಂದ ಮಾತ್ರಕ್ಕೆ ವಿದ್ಯುತ್ತು ಹೋದುದರಿಂದಲೇ ಕೆಟ್ಟಿತೆಂದು ಸಾಧಿಸಲು ಬಾರದು. ಆದರೆ ಕಾಗೆಯ ದೃಷ್ಟಾಂತವೂ ಇಲ್ಲಿ ಪೂರ್ತಿಯಾಗಿ ಹೊಂದುವುದಿಲ್ಲ. ವೃದ್ಧ ಯಂತ್ರದಲ್ಲಿ ಬಹಳ ಸಲ ನಡೆಯುವುದು ಬೇರೆಯೇ ಒಂದು ಬಗೆ. ದೋಷ ಮೊದಲೇ ಒಳಗೆ ಬೆಳೆದಿರುತ್ತದೆ. ಎಡೆಬಿಡದೆ ಹರಿಯುತ್ತಿದ್ದ ವಿದ್ಯುತ್ತು ಅದನ್ನು ಮುಚ್ಚಿಟ್ಟಿರುತ್ತದೆ. ನಿಲುಗಡೆ ಆ ಮುಸುಕನ್ನು ತೆಗೆಯುತ್ತದೆ. ಅಂದರೆ ನಿಲುಗಡೆ ಅಲ್ಲಿ ಜನಕವಲ್ಲ, ವ್ಯಂಜಕ. ಕತ್ತಲೆಯಲ್ಲಿದ್ದ ಗಡಿಗೆಯನ್ನು ದೀಪ ತೋರಿಸುತ್ತದೆ, ಮಾಡುವುದಿಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಅರ್ಧ ಕೆಲಸ ಹಗುರವಾಗುತ್ತದೆ.

ಮೊದಲು ನಿಲುಗಡೆಯಿಂದ ನಿಜವಾಗಿ ಕೆಡುವುದು ಯಾವುದೆಂದು ತಿಳಿಯಬೇಕು. ಗಣಕಕ್ಕೆ ನೆನಪು ಎರಡು ಬಗೆ. ರ‍್ಯಾಮ್ ಎಂಬುದು ವಿದ್ಯುತ್ತು ಇರುವ ತನಕ ಮಾತ್ರ ಇರುವ ನೆನಪು, ಕಪ್ಪುಹಲಗೆಯ ಬರಹದಂತೆ. ಹಾರ್ಡ್ ಡಿಸ್ಕ್ ಕಾಂತಶಕ್ತಿಯಿಂದ ತಟ್ಟೆಯ ಮೇಲೆ ನಿಂತ ನೆನಪು. ಅದಕ್ಕೆ ವಿದ್ಯುತ್ತಿನ ಹಂಗಿಲ್ಲ. ಈ ತಟ್ಟೆ ನಿಮಿಷಕ್ಕೆ ೫೪೦೦ ಅಥವಾ ೭೨೦೦ ಸುತ್ತು ತಿರುಗುತ್ತಿರುವಾಗ ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಸಣ್ಣ ಅಂತರದಲ್ಲಿ ಓದುಮುಳ್ಳು ತೇಲುತ್ತಿರುತ್ತದೆ. ಒಮ್ಮೆಲೇ ವಿದ್ಯುತ್ತು ನಿಂತರೆ ಮುಳ್ಳು ತಟ್ಟೆಗೆ ತಾಗಿ ಗೀಚಿಬಿಡುವುದಿಲ್ಲವೇ ಎಂಬ ಶಂಕೆ ಸಹಜ. ತಟ್ಟೆಯ ತಿರುಗಾಟದಲ್ಲಿ ಉಳಿದ ವೇಗದಿಂದಲೇ ಅಷ್ಟು ವಿದ್ಯುತ್ತನ್ನು ಪಡೆದು ಮುಳ್ಳು ತನ್ನ ನೆಲೆಗೆ ಸರಿದುಕೊಳ್ಳುವ ಏರ್ಪಾಡನ್ನು ಡಿಸ್ಕಿನಲ್ಲಿಯೇ ಮಾಡಿರುತ್ತಾರೆ. ಒಂದು ನಿಲುಗಡೆಯಿಂದ ತಟ್ಟೆ ಹಾಳಾಗುವುದು ಆದಕಾರಣ ವಿರಳ. ಅಪಾಯವಿರುವುದು ಆ ಕ್ಷಣದಲ್ಲಿ ಬರೆಯುತ್ತಿದ್ದ ಬರಹಕ್ಕೆ.

ಅದಕ್ಕೂ ಒಂದು ಕಾವಲಿದೆ. ಎನ್‌ಟಿಎಫ್‌ಎಸ್ ಎಂಬ ಕಡತವ್ಯವಸ್ಥೆಯಲ್ಲಿ, ಅಂಗಡಿಯವರು ಖಾತೆಗೆ ಏರಿಸುವ ಮೊದಲು ಕಿರ್ದಿಯಲ್ಲಿ ಬರೆದುಕೊಳ್ಳುವಂತೆ, ಪ್ರತಿಯೊಂದು ಬದಲಾವಣೆಯನ್ನೂ ಮೊದಲು ಒಂದು ದಿನವಹಿಯಲ್ಲಿ ಗುರುತಿಸಲಾಗುತ್ತದೆ. ನಡುವೆ ವಿದ್ಯುತ್ತು ಹೋದರೆ, ಮರಳಿ ಎದ್ದಾಗ ಯಂತ್ರ ಆ ಕಿರ್ದಿಯನ್ನು ನೋಡಿ ಅರೆಬರೆಯಾದ ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತದೆ. ಆದರೆ ಒಂದು ಮಾತು: ಆ ಕಿರ್ದಿಯಲ್ಲಿರುವುದು ಯಾವ ಕಡತ ಎಲ್ಲಿದೆ, ಎಷ್ಟು ಉದ್ದವಿದೆ ಎಂಬ ವ್ಯವಸ್ಥೆಯ ಲೆಕ್ಕವೇ ಹೊರತು ಕಡತದೊಳಗಿನ ಮಾತುಗಳಲ್ಲ. ಮನೆಯ ಗೋಡೆ ಉಳಿಯುತ್ತದೆ. ಒಲೆಯ ಮೇಲಿದ್ದ ಅಡಿಗೆ ಉಳಿಯುವ ಭರವಸೆಯಿಲ್ಲ. ವರ್ಡ್ ಮೊದಲಾದ ಬರಹದ ತಂತ್ರಾಂಶಗಳು, ನಾವು ಬದಲಿಸದಿದ್ದರೆ, ಹತ್ತು ನಿಮಿಷಕ್ಕೊಮ್ಮೆ ತಾವೇ ಒಂದು ಪ್ರತಿಯನ್ನು ತೆಗೆದಿಡುತ್ತವೆ. ಒಟ್ಟಿನಲ್ಲಿ, ವಿದ್ಯುತ್ತು ಹೋದಾಗ ತೆರೆದಿದ್ದ ಒಂದು ಕಡತದ ಕಡೆಯ ಕೆಲವು ಪುಟಗಳು ಹೋಗಿರಬಹುದು. ಹಿಂದಿನ ಹತ್ತು ವರ್ಷದ ಬರಹ ಹೋಗಿರುವ ಸಂಭವ ಅತ್ಯಲ್ಪ. ಹೀಗಿದ್ದಾಗ ಯಂತ್ರವನ್ನು ಎಬ್ಬಿಸುವ ಆತುರದಲ್ಲಿ ಆ ಹತ್ತು ವರ್ಷವನ್ನು ಅಳಿಸುವುದು ಯಾವ ವಿವೇಕ?

ಪರೀಕ್ಷೆಗೆ ತೊಡಗುವಾಗ ಹಿಡಿಯಬೇಕಾದ ಸೂತ್ರ ಅನ್ವಯವ್ಯತಿರೇಕ. ಅದಿದ್ದಾಗ ಇದು ಇರುವುದು ಅನ್ವಯ. ಅದಿಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದಾಗಲೇ ಕಾರಣದ ನಿಶ್ಚಯ. ಇದರಿಂದ ಫಲಿಸುವ ಕಟ್ಟುನಿಟ್ಟು ಏನೆಂದರೆ, ಒಂದು ಸಲಕ್ಕೆ ಒಂದೇ ವಸ್ತುವನ್ನು ಬದಲಿಸಬೇಕು. ಒಟ್ಟಿಗೆ ಮೂರು ಭಾಗಗಳನ್ನು ಬದಲಿಸಿ ಯಂತ್ರ ನಡೆದರೆ, ಯಂತ್ರ ನಡೆಯಿತು ಅಷ್ಟೆ. ದೋಷ ಯಾವುದರಲ್ಲಿತ್ತೆಂಬುದು ತಿಳಿಯಲಿಲ್ಲ, ಮೂರಕ್ಕೂ ಹಣ ತೆತ್ತಂತಾಯಿತು.

ಹೊರಗಿನಿಂದ ಒಳಕ್ಕೆ ಹೋಗುವುದು ಕ್ರಮ. ಗೋಡೆಯ ಪ್ಲಗ್ಗಿನಲ್ಲಿ ವಿದ್ಯುತ್ತು ಬರುತ್ತಿದೆಯೇ, ಯುಪಿಎಸ್ ತನ್ನ ಕೆಲಸ ಮಾಡುತ್ತಿದೆಯೇ ಎಂಬುದನ್ನು ಒಂದು ಟೇಬಲ್ ಲ್ಯಾಂಪಿನಿಂದಲೇ ನೋಡಬಹುದು. ಅನಂತರ ಪೆನ್ ಡ್ರೈವ್, ಪ್ರಿಂಟರು ಮೊದಲಾದವನ್ನು ಬಿಡಿಸಿ, ಪೆಟ್ಟಿಗೆಯ ವಿದ್ಯುತ್ತಿನ ತಂತಿಯನ್ನು ಕಿತ್ತು, ಆರಂಭದ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಒಳಗೆ ಉಳಿದ ವಿದ್ಯುದಂಶ ಇದರಿಂದ ಬಹುಮಟ್ಟಿಗೆ ಇಳಿದುಹೋಗುತ್ತದೆ. ಏರಿಳಿತಕ್ಕೆ ಅಂಜಿ ಎಸ್‌ಎಂಪಿಎಸ್ ತಾನೇ ಬಾಗಿಲು ಹಾಕಿಕೊಂಡಿದ್ದರೆ ಇಷ್ಟರಿಂದಲೇ ತೆರೆದುಕೊಳ್ಳುವುದುಂಟು. ಆಮೇಲೆ ಲಕ್ಷಣವನ್ನು ನೋಡಬೇಕು. ದೀಪವೂ ಹೊತ್ತದೆ ಇರುವುದು ಬೇರೆ, ಪಂಖ ತಿರುಗಿ ಪರದೆ ಕಪ್ಪಾಗಿರುವುದು ಬೇರೆ, ವಿಂಡೋಸ್ ತನಕ ಬಂದು ನೀಲಿಯಾಗುವುದು ಬೇರೆ. ನೀಲಿಯ ಪರದೆ ಕ್ಷಣದಲ್ಲಿ ಮಾಯವಾಗುವುದಾದರೆ, ಯಂತ್ರ ಏಳುವಾಗ ಎಫ್ ೮ ಕೀಲಿಯನ್ನು ಒತ್ತಿ, ತಾನಾಗಿ ಮರಳಿ ಆರಂಭವಾಗದಂತೆ ತಡೆಯುವ ಆಯ್ಕೆಯನ್ನು ಹಿಡಿಯಬೇಕು. ಆಗ ಪರದೆ ನಿಲ್ಲುತ್ತದೆ. ಅದರಲ್ಲಿರುವ ಸಂಕೇತವನ್ನು ಬರೆದುಕೊಳ್ಳಬೇಕು, ಇಲ್ಲವೆ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು. ರೋಗಿಯ ಮಾತನ್ನು ಕೇಳದೆ ಔಷಧ ಕೊಡುವ ವೈದ್ಯನನ್ನು ಯಾರೂ ಮೆಚ್ಚುವುದಿಲ್ಲ.

ಈಗ ವ್ಯಂಜಕವೆಂದ ಮಾತಿಗೆ ಅತ್ಯಂತ ಸ್ಪಷ್ಟವಾದ ಉದಾಹರಣೆಯನ್ನು ನೋಡೋಣ. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಅದರ ಹೆಸರು ಸಿಆರ್ ೨೦೩೨; ೨೦ ಎಂಬುದು ಮಿಲಿಮೀಟರಿನಲ್ಲಿ ಅದರ ಅಡ್ಡಳತೆ, ೩೨ ಎಂಬುದು ೩.೨ ಮಿಲಿಮೀಟರಿನ ದಪ್ಪ. ಹೆಸರೇ ಅಳತೆಯಾಗಿರುವ ಇಂಥ ಅನ್ವರ್ಥನಾಮಗಳು ಯಂತ್ರಲೋಕದಲ್ಲಿ ಇನ್ನಷ್ಟಿದ್ದರೆ ಚೆನ್ನಾಗಿತ್ತು. ಮೂರು ವೋಲ್ಟಿನ ಈ ಸೆಲ್ ಯಂತ್ರ ಆರಿರುವಾಗ ಗಡಿಯಾರವನ್ನು ನಡೆಯಿಸುತ್ತದೆ. ಹಳೆಯ ಯಂತ್ರಗಳಲ್ಲಿ ಬಯೋಸಿನ ಏರ್ಪಾಡುಗಳನ್ನೂ ಅದೇ ಕಾಯುತ್ತದೆ. ಗೋಡೆಯ ವಿದ್ಯುತ್ತು ಬರುತ್ತಿರುವ ತನಕ ಈ ಕೆಲಸಕ್ಕೆ ಸೆಲ್ಲಿನ ಅಗತ್ಯ ಬೀಳುವುದಿಲ್ಲ. ಹೀಗಾಗಿ ಪ್ಲಗ್ಗಿನ ಸ್ವಿಚ್ಚನ್ನು ಎಂದೂ ಆರಿಸದ ಮನೆಯಲ್ಲಿ ಸೆಲ್ ಸತ್ತು ವರ್ಷವಾದರೂ ಯಾರಿಗೂ ತಿಳಿಯದು. ರಾತ್ರಿ ಸ್ವಿಚ್ಚು ಆರಿಸುವ ರೂಢಿಯವರಿಗೆ ಬೆಳಗಿನ ಗಡಿಯಾರದ ತಪ್ಪಿನಿಂದಲೇ ಸುಳಿವು ಸಿಕ್ಕಿರುತ್ತದೆ.

ಒಂದು ದಿನ ವಿದ್ಯುತ್ತು ಹೋಗುತ್ತದೆ. ಬಯೋಸ್ ತನ್ನ ಏರ್ಪಾಡುಗಳನ್ನೆಲ್ಲ ಮರೆತು, ಕಾರ್ಖಾನೆಯಲ್ಲಿ ಕೊಟ್ಟ ಮೂಲಸ್ಥಿತಿಗೆ ಹಿಂದಿರುಗುತ್ತದೆ. ದಿನಾಂಕ ಹಲವು ವರ್ಷ ಹಿಂದೆ ಸರಿಯುತ್ತದೆ. ಅದರ ಜೊತೆಗೆ, ಹಾರ್ಡ್ ಡಿಸ್ಕಿನೊಡನೆ ಮಾತಾಡುವ ರೀತಿಯೂ ಬದಲಾಗಬಹುದು. ಸಾಟಾ ಡಿಸ್ಕಿನೊಡನೆ ವ್ಯವಹರಿಸಲು ಆ ಕಾಲದ ಬೋರ್ಡುಗಳಲ್ಲಿ ಐಡಿಇ, ಎಎಚ್‌ಸಿಐ ಎಂಬ ಎರಡು ಮಾರ್ಗಗಳಿದ್ದವು. ವಿಂಡೋಸನ್ನು ಸ್ಥಾಪಿಸಿದಾಗ ಎಎಚ್‌ಸಿಐ ಇದ್ದು, ಈಗ ಬಯೋಸ್ ಐಡಿಇಗೆ ಮರಳಿದರೆ, ವಿಂಡೋಸ್ ೭ ತಾನಿರುವ ಡಿಸ್ಕನ್ನೇ ಕಾಣದೆ ನೀಲಿಯಾಗುತ್ತದೆ. ಸಂಕೇತದ ಕೊನೆಯಲ್ಲಿ ೭ಬಿ ಎಂದಿರುತ್ತದೆ. ಡಿಸ್ಕಿಗೆ ಏನೂ ಆಗಿಲ್ಲ, ವಿಂಡೋಸಿಗೂ ಏನೂ ಆಗಿಲ್ಲ. ಮನೆಯೊಡೆಯನಿಗೆ ಮನೆಯ ಬಾಗಿಲು ತಪ್ಪಿದೆ, ಅಷ್ಟೆ. ಇಷ್ಟಕ್ಕೇ ಫಾರ್ಮ್ಯಾಟ್ ಆಗಿಹೋದ ಯಂತ್ರಗಳನ್ನು ನೆನೆದರೆ ವ್ಯಥೆಯಾಗುತ್ತದೆ.

ಚಿಕಿತ್ಸೆ ಸುಲಭ. ವಿದ್ಯುತ್ತಿನ ತಂತಿಯನ್ನು ಕಿತ್ತು, ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ ಮೈಯ ಸ್ಥಾಯೀವಿದ್ಯುತ್ತನ್ನು ಕಳೆದುಕೊಂಡು, ಹಳೆಯ ಸೆಲ್ಲನ್ನು ತೆಗೆದು ಹೊಸದನ್ನು ಕೂರಿಸಬೇಕು. ಯಂತ್ರವನ್ನು ಹಚ್ಚಿದೊಡನೆ ಡಿಲೀಟ್ ಅಥವಾ ಎಫ್ ೨ ಕೀಲಿಯಿಂದ ಬಯೋಸನ್ನು ಹೊಕ್ಕು ದಿನಾಂಕವನ್ನು ತಿದ್ದಿ, ಸಾಟಾ ಎಂಬಲ್ಲಿ ಮಾರ್ಗವನ್ನು ಎಎಚ್‌ಸಿಐಗೆ ಬದಲಿಸಿ, ಉಳಿಸಿ ಹೊರಬರಬೇಕು. ಈ ಎರಡು ಮಾರ್ಗಗಳ ನಡುವೆ ಬದಲಿಸಿ ನೋಡುವುದರಿಂದ ಡಿಸ್ಕಿನಲ್ಲಿರುವ ಬರಹಕ್ಕೆ ಹಾನಿಯಿಲ್ಲ. ೭ಬಿ ಸಂಕೇತಕ್ಕೆ ಡಿಸ್ಕಿನ ನಿಜವಾದ ಕೆಡುಕೂ ಕಾರಣವಾಗಬಲ್ಲುದು. ಆದರೆ ಅದರೊಡನೆ ದಿನಾಂಕವೂ ಹಿಂದೆ ಸರಿದಿದ್ದರೆ ಎರಡು ಲಕ್ಷಣಗಳೂ ಸೆಲ್ಲಿನ ಕಡೆಗೇ ಬೆರಳು ತೋರಿಸುತ್ತವೆ. ಯಂತ್ರ ಎದ್ದು, ಜಾಲತಾಣಗಳೆಲ್ಲ ಅಪಾಯಕರವೆಂದು ಎಚ್ಚರಿಕೆ ಬರತೊಡಗಿದರೆ ಅಲ್ಲಿಯೂ ಮೊದಲು ದಿನಾಂಕವನ್ನೇ ನೋಡಬೇಕು.

ಎರಡನೆಯ ಉದಾಹರಣೆ ಎಸ್‌ಎಂಪಿಎಸ್. ಇದಕ್ಕೆ ಸಂಬಂಧಿಸಿದ ದೂರು ವಿಚಿತ್ರವಾದುದು: “ಯುಪಿಎಸ್ ಇದೆ, ಅದರ ಬ್ಯಾಟರಿಯೂ ಹೊಸದು, ಆದರೂ ಕರೆಂಟು ಹೋದ ಕೂಡಲೆ ಕಂಪ್ಯೂಟರ್ ಆರಿ ಹೊತ್ತುತ್ತದೆ.” ಯುಪಿಎಸ್ ಮಾರಿದವನ ಮೇಲೆ ಜಗಳ ಹೋಗುತ್ತದೆ. ಕೊಂಚ ಗಣಿತವನ್ನು ನೋಡೋಣ. ನಮ್ಮಲ್ಲಿ ವಿದ್ಯುತ್ತು ೨೩೦ ವೋಲ್ಟು, ಸೆಕೆಂಡಿಗೆ ೫೦ ಆವರ್ತ. ಒಂದು ಆವರ್ತಕ್ಕೆ ೨೦ ಮಿಲಿಸೆಕೆಂಡು. ಎಸ್‌ಎಂಪಿಎಸ್ಸಿನಲ್ಲಿ ದೊಡ್ಡದೊಂದು ಕೆಪಾಸಿಟರ್ ಇರುತ್ತದೆ; ಹೊರಗಿನ ವಿದ್ಯುತ್ತು ನಿಂತರೂ ತನ್ನಲ್ಲಿ ತುಂಬಿಕೊಂಡದ್ದರಿಂದ ಅದು ಯಂತ್ರವನ್ನು ಸುಮಾರು ೧೬–೧೭ ಮಿಲಿಸೆಕೆಂಡಿನ ವರೆಗೆ ನಡೆಯಿಸಬೇಕೆಂಬುದು ನಿಯಮ. ಮನೆಯ ಸಾಮಾನ್ಯ ಯುಪಿಎಸ್ ಗೋಡೆಯ ವಿದ್ಯುತ್ತಿನಿಂದ ಬ್ಯಾಟರಿಗೆ ಹೊರಳಲು ಬಹುಮಟ್ಟಿಗೆ ೧೦ ಮಿಲಿಸೆಕೆಂಡಿನ ಒಳಗೆ ತೆಗೆದುಕೊಳ್ಳುತ್ತದೆ. ಹದಿನಾರರಲ್ಲಿ ಹತ್ತು ಕಳೆದರೂ ಉಳಿತಾಯವಿದೆ. ಯಂತ್ರಕ್ಕೆ ಹೊರಳಿದ್ದು ತಿಳಿಯುವುದೇ ಇಲ್ಲ.

ಆದರೆ ಕೆಪಾಸಿಟರಿನೊಳಗಿನ ದ್ರವ ವರ್ಷಗಳು ಕಳೆದಂತೆ ಆರುತ್ತ ಹೋಗುತ್ತದೆ. ಶಾಖ ಹತ್ತು ಡಿಗ್ರಿ ಹೆಚ್ಚಿದರೆ ಅದರ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ತಂತ್ರಜ್ಞರ ಒಪ್ಪಿತ ಲೆಕ್ಕ. ಧೂಳು ಕಟ್ಟಿದ ಪೆಟ್ಟಿಗೆ, ನಮ್ಮ ಬಯಲುಸೀಮೆಯ ಏಪ್ರಿಲ್ ಮೇ ತಿಂಗಳುಗಳು, ಇವೆರಡೂ ಕೂಡಿದರೆ ಹೇಳತಕ್ಕದ್ದೇನು? ತುಂಬಿಕೊಳ್ಳುವ ಶಕ್ತಿ ಕುಗ್ಗಿ, ಹದಿನಾರು ಹತ್ತಕ್ಕೂ ಕೆಳಗೆ ಇಳಿದಾಗ, ಯುಪಿಎಸ್ ಹೊರಳುವಷ್ಟರಲ್ಲಿಯೇ ಯಂತ್ರ ಪ್ರಾಣ ಬಿಟ್ಟಿರುತ್ತದೆ. ಬರಿಯ ದೀಪ ಮಿಣುಕಿದಾಗಲೂ ಹಳೆಯ ಯಂತ್ರ ಬೀಳುವುದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ಇಲ್ಲಿ ಅನ್ವಯವ್ಯತಿರೇಕ ನೇರವಾಗಿ ಕೆಲಸಕ್ಕೆ ಬರುತ್ತದೆ. ಇದೇ ಯುಪಿಎಸ್ಸಿಗೆ ನೆರೆಮನೆಯ ಹೊಸ ಗಣಕವನ್ನು ಜೋಡಿಸಿ ಗೋಡೆಯ ಸ್ವಿಚ್ಚನ್ನು ಆರಿಸಿ ನೋಡಬೇಕು. ಈ ಹಳೆಯ ಗಣಕವನ್ನು ಸರಿಯಿರುವ ಇನ್ನೊಂದು ಯುಪಿಎಸ್ಸಿಗೆ ಜೋಡಿಸಿ ಹಾಗೆಯೇ ನೋಡಬೇಕು. ಯಂತ್ರದೊಡನೆ ದೋಷ ಹೋದರೆ ಎಸ್‌ಎಂಪಿಎಸ್. ಯುಪಿಎಸ್ಸಿನೊಡನೆ ಉಳಿದರೆ ಯುಪಿಎಸ್. ಈ ಪರೀಕ್ಷೆಯನ್ನು ವಿಂಡೋಸಿನಲ್ಲಿ ಮಾಡದೆ ಬಯೋಸಿನ ಪರದೆಯಲ್ಲಿ ನಿಂತು ಮಾಡುವುದು ಲೇಸು, ಏಕೆಂದರೆ ಆಗ ಡಿಸ್ಕಿನ ಮೇಲೆ ಬರವಣಿಗೆ ನಡೆದಿರುವುದಿಲ್ಲ. ಮನೆಯ ಇನ್ವರ್ಟರಿನಿಂದ ಗಣಕವನ್ನು ನಡೆಯಿಸುವವರು ಇನ್ನೊಂದನ್ನು ಗಮನಿಸಬೇಕು. ಹಲವು ಇನ್ವರ್ಟರುಗಳಲ್ಲಿ ಯುಪಿಎಸ್ ಎಂಬ ಆಯ್ಕೆಯ ಸ್ವಿಚ್ಚಿರುತ್ತದೆ. ಅದು ಇನ್ನೊಂದು ಕಡೆಗಿದ್ದರೆ ಹೊರಳುವ ಕಾಲ ದೀಪ, ಬೀಸಣಿಗೆಗಳಿಗೆ ಸಾಕು, ಗಣಕಕ್ಕೆ ಸಾಲದು.

ಬಯೋಸಿನಲ್ಲಿ ವೋಲ್ಟುಗಳನ್ನು ತೋರಿಸುವ ಪುಟವೂ ಇರುತ್ತದೆ. ೧೨ ವೋಲ್ಟು ೧೧.೪ ರಿಂದ ೧೨.೬ರ ಒಳಗೆ, ೫ ವೋಲ್ಟು ೪.೭೫ ರಿಂದ ೫.೨೫ರ ಒಳಗೆ ಇರಬೇಕು. ಆ ಅಂಕಿಗಳು ಅಷ್ಟೇನೂ ನಿಖರವಲ್ಲವಾದರೂ ತೀರ ಹೊರಗಿದ್ದರೆ ಸಂಶಯಕ್ಕೆ ಎಡೆಯುಂಟು. ಮದರ್‌ಬೋರ್ಡಿನ ಮೇಲಿನ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಅಥವಾ ಕಂದುಬಣ್ಣದ ರಸ ಒಸರಿದ್ದರೆ ಸಂಶಯವೇ ಬೇಡ. ಆದರೆ ಎಸ್‌ಎಂಪಿಎಸ್ಸಿನ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಬಾರದು. ೨೩೦ ವೋಲ್ಟು ಒಳಗೆ ಏಕಮುಖವಾದಾಗ ಸುಮಾರು ೩೨೫ ವೋಲ್ಟಾಗಿ ಕೆಪಾಸಿಟರಿನಲ್ಲಿ ನಿಲ್ಲುತ್ತದೆ. ತಂತಿ ಕಿತ್ತ ಮೇಲೂ ಕೆಲಕಾಲ ಅಲ್ಲಿರಬಹುದು. ಡಬ್ಬಿಯನ್ನು ಹಾಗೆಯೇ ಬದಲಿಸುವುದು ಯೋಗ್ಯ.

ರ‍್ಯಾಮಿನ ವಿಷಯ ಹೆಚ್ಚು ಹೇಳಬೇಕಾದುದಿಲ್ಲ. ಪಂಖ ತಿರುಗಿ ಪರದೆ ಕಪ್ಪಾಗಿದ್ದು ಬೀಪ್ ಸದ್ದುಗಳು ಕೇಳಿದರೆ, ರ‍್ಯಾಮ್ ಪಟ್ಟಿಯನ್ನು ತೆಗೆದು ಅದರ ಹೊಂಬಣ್ಣದ ಅಂಚನ್ನು ಒರಸಿ ಬಿಗಿಯಾಗಿ ಕೂರಿಸಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಇಟ್ಟು ನೋಡಬೇಕು.

ಡಿಸ್ಕಿನದು ಎಲ್ಲಕ್ಕಿಂತ ಸೂಕ್ಷ್ಮ. ಯಂತ್ರ ಎದ್ದರೂ ತೀರ ನಿಧಾನವಾಗಿದ್ದರೆ, ಕಡತಗಳು ತೆರೆಯುವಾಗ ತಡವರಿಸಿದರೆ, ಪೆಟ್ಟಿಗೆಯಿಂದ ಟಿಕ್ ಟಿಕ್ ಸದ್ದು ಬಂದರೆ ಡಿಸ್ಕು ದಣಿದಿದೆಯೆಂದು ತಿಳಿಯಬೇಕು. ಟಿಕ್ ಸದ್ದು ಎಡೆಬಿಡದೆ ಬರುತ್ತಿದ್ದರೆ ಆ ಕ್ಷಣವೇ ಆರಿಸಿ ತಜ್ಞರ ಕೈಗೆ ಕೊಡಬೇಕು. ಇತರ ಸಂದರ್ಭದಲ್ಲಿ ಡಿಸ್ಕು ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಎಂಬ ಪಟ್ಟಿಯನ್ನು ಓದಬಹುದು. ಅದರಲ್ಲಿ ೫, ೧೯೭, ೧೯೮ ಎಂಬ ಸಾಲುಗಳು ಕೆಟ್ಟ ಜಾಗಗಳ ಲೆಕ್ಕ; ಅಲ್ಲಿ ಸೊನ್ನೆಯಲ್ಲದೆ ಅಂಕಿ ಬೆಳೆಯುತ್ತಿದ್ದರೆ ಡಿಸ್ಕಿನ ದಿನಗಳು ಎಣಿಕೆಯವು.

ಇಲ್ಲಿ ಅಂಗಡಿಯಲ್ಲಿಯೂ ಮನೆಯಲ್ಲಿಯೂ ಕ್ರಮ ತಲೆಕೆಳಗಾಗುತ್ತದೆ. ಮೊದಲು ಚೆಕ್ ಡಿಸ್ಕ್ ನಡೆಯಿಸಿ ದುರಸ್ತಿ ಮಾಡಿ, ಆಮೇಲೆ ಬರಹವನ್ನು ತೆಗೆದುಕೊಳ್ಳೋಣವೆನ್ನುತ್ತಾರೆ. ದಣಿದ ಡಿಸ್ಕಿನ ಮೂಲೆಮೂಲೆಯನ್ನೂ ಓದಿಸುವ ಆ ಪರೀಕ್ಷೆ ಅದಕ್ಕೆ ಕಡೆಯ ಹೊಡೆತವಾಗಬಹುದು. ದುರಸ್ತಿಯ ಭರದಲ್ಲಿ ಕಡತಗಳು ತುಂಡಾಗಿ ಹೆಸರಿಲ್ಲದ ಚೂರುಗಳಾಗಿ ಬೇರೊಂದು ಕೋಶದಲ್ಲಿ ಬೀಳುವುದೂ ಉಂಟು. ಮೊದಲು ನಕಲು, ಆಮೇಲೆ ದುರಸ್ತಿ. ವಿಂಡೋಸ್ ಏಳದಿದ್ದರೂ ನಕಲು ಸಾಧ್ಯ. ಪೆನ್ ಡ್ರೈವಿನಿಂದಲೇ ನಡೆಯುವ ಲಿನಕ್ಸನ್ನು ಹಾಕಿ ಯಂತ್ರವನ್ನು ಎಬ್ಬಿಸಿದರೆ ಹಳೆಯ ಡಿಸ್ಕಿನ ಕೋಶಗಳು ಕಣ್ಣಿಗೆ ಬೀಳುತ್ತವೆ. ಇಲ್ಲವೆ ಡಿಸ್ಕನ್ನು ಬಿಚ್ಚಿ, ಸಾಟಾದಿಂದ ಯುಎಸ್‌ಬಿಗೆ ಬದಲಿಸುವ ತಂತಿಯ ಮೂಲಕ ಇನ್ನೊಂದು ಗಣಕಕ್ಕೆ ಜೋಡಿಸಬಹುದು. ತಾವೇ ಬರೆದದ್ದನ್ನು ಮೊದಲು ತೆಗೆಯಬೇಕು, ಆಮೇಲೆ ಭಾವಚಿತ್ರಗಳು. ಹಾಡು, ಚಲನಚಿತ್ರಗಳು ಮತ್ತೆ ಎಲ್ಲಿಯಾದರೂ ಸಿಗುತ್ತವೆ.

ಇಷ್ಟೆಲ್ಲ ಪ್ರಯಾಸವೇಕೆ, ಹೊಸ ಯಂತ್ರವನ್ನು ಕೊಂಡರಾಯಿತಲ್ಲ ಎಂಬುದು ಪೂರ್ವಪಕ್ಷ. ಕೊಳ್ಳಬಹುದು. ವಿಂಡೋಸ್ ೭ಕ್ಕೆ ಅದರ ತಯಾರಕರ ಭದ್ರತೆಯ ನೆರವು ೨೦೨೦ರ ಜನವರಿ ೧೪ಕ್ಕೇ ಮುಗಿದಿರುವುದರಿಂದ, ಆ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸದಿರುವುದೂ ಯುಕ್ತವೇ. ಆದರೆ ಹೊಸ ಯಂತ್ರ ಬರಿಗೈಯಲ್ಲಿ ಬರುತ್ತದೆ. ಹಳೆಯದರ ಬರಹವನ್ನು ಅದು ತರುವುದಿಲ್ಲ.

ನಕಲು ಮಾಡಿಕೊಂಡವರನ್ನು ಕಡೆಯಲ್ಲಿ ಬೆದರಿಸುವುದು ಇನ್ನೊಂದಿದೆ. ಕಡತವನ್ನು ಹೊಸ ಯಂತ್ರದಲ್ಲಿ ತೆರೆದರೆ ಕನ್ನಡವಿರಬೇಕಾದಲ್ಲಿ ರೋಮನ್ ಲಿಪಿಯ ಅಕ್ಷರಗಳೂ ಚಿಹ್ನೆಗಳೂ ಅರ್ಥವಿಲ್ಲದೆ ಸಾಲುಗಟ್ಟಿರುತ್ತವೆ. ವಿದ್ಯುತ್ತು ಹೋಗಿ ಕಡತ ಕೆಟ್ಟಿತೆಂದು ಅದನ್ನು ಅಳಿಸಿಬಿಡುವವರೂ ಇದ್ದಾರೆ. ಅದು ಕೆಟ್ಟ ಕಡತವಲ್ಲ. ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ, ಹಾಗೆಯೇ ಬರಹದ ಹಳೆಯ ಅಕ್ಷರಗಳಲ್ಲಿ, ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿಯೇ ಕನ್ನಡದ ತುಂಡುರೂಪಗಳನ್ನು ಕೂರಿಸಿದ್ದರು. ಆ ಫಾಂಟು ಹೊಸ ಯಂತ್ರದಲ್ಲಿ ಇಲ್ಲದಿರುವುದರಿಂದ ಒಳಗಿನ ಸಂಕೇತ ಬತ್ತಲೆಯಾಗಿ ಕಾಣುತ್ತದೆ. ಹಳೆಯ ಡಿಸ್ಕಿನ ವಿಂಡೋಸ್ ಕೋಶದಲ್ಲಿರುವ ಫಾಂಟ್ಸ್ ಎಂಬ ಒಳಕೋಶವನ್ನೂ ನಕಲು ಮಾಡಿಕೊಂಡಿದ್ದರೆ, ಆ ಫಾಂಟನ್ನು ಸ್ಥಾಪಿಸಿದ ಕೂಡಲೆ ಕನ್ನಡ ಮರಳಿ ಬರುತ್ತದೆ.

ಆಮೇಲೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿಕೊಳ್ಳಬೇಕು. ಮೂಲಕಡತವನ್ನು ಮಾತ್ರ ಅಳಿಸಬಾರದು. ಪರಿವರ್ತನೆಯಾದ ಪ್ರತಿಯನ್ನು ಕರಡು ತಿದ್ದುವಂತೆ ಮೂಲದೊಡನೆ ಹೋಲಿಸಿ ಓದಬೇಕು. ಅರ್ಕಾವೊತ್ತು ಸ್ಥಾನ ತಪ್ಪುವುದು, ಮೂರು ವ್ಯಂಜನಗಳ ಒತ್ತಕ್ಷರಗಳಲ್ಲಿ ಒಂದು ಜಾರುವುದು ಸಾಮಾನ್ಯ. ಹಳಗನ್ನಡದ ಪಾಠಗಳಲ್ಲಿ ಱ, ೞ ಎಂಬ ಅಕ್ಷರಗಳ ಕಡೆಗೆ ವಿಶೇಷವಾಗಿ ಕಣ್ಣಿಡಬೇಕು. ಯೂನಿಕೋಡಿನಲ್ಲಿ ಎರಡಕ್ಕೂ ಸ್ಥಾನವಿದೆ. ೞಕ್ಕೆ ಆ ಪಟ್ಟಿಯಲ್ಲಿ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದು, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಹಾಗೆಯೇ ಉಳಿದಿದೆಯಾದರೂ ರೂಪಕ್ಕೆ ಬಾಧೆಯಿಲ್ಲ. ಪುಟಕ್ಕೆ ಹತ್ತು ನಿಮಿಷವೆಂದು ಹಿಡಿದರೂ ಆರು ನೂರು ಪುಟದ ಪದಕೋಶಕ್ಕೆ ನೂರು ಗಂಟೆ. ದಿನಕ್ಕೆ ಒಂದು ಗಂಟೆಯಂತೆ ಮೂರು ತಿಂಗಳು ಮತ್ತು ಹತ್ತು ದಿನ.